ಕಾಂತಪ್ರಚೋದನೆಯ ಯಂತ್ರವೂ ಇಲಿಯ ಮಿದುಳೂ

ಬೇರೆ ಬೇರೆ ವಸ್ತುಗಳನ್ನು ಒಂದೇ ಹೆಸರಿನಿಂದ ಕರೆದರೆ ಶಾಸ್ತ್ರದಲ್ಲಿ ಎಂತಹ ತೊಡಕುಂಟಾಗುವುದೆಂಬುದಕ್ಕೆ ಇಲಿಗಳ ಮೇಲೆ ನಡೆದಿರುವ ಕಾಂತಪ್ರಚೋದನೆಯ ಪ್ರಯೋಗಗಳು ತಕ್ಕ ನಿದರ್ಶನವಾಗಿವೆ. 1985ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಆಂಥೊನಿ ಬಾರ್ಕರರೂ ಅವರ ಸಂಗಡಿಗರೂ ಮನುಷ್ಯನ ತಲೆಯ ಮೇಲೆ ತಂತಿಯ ಸುರುಳಿಯನ್ನಿರಿಸಿ, ಅದರಲ್ಲಿ ಕ್ಷಣಮಾತ್ರ ಪ್ರಬಲವಾದ ವಿದ್ಯುತ್ತನ್ನು ಹರಿಸಿ, ನೋವಿಲ್ಲದೆ ಕೈಯ ಸ್ನಾಯುಗಳು ಮಿಡಿಯುವಂತೆ ಮಾಡಿದರು. ನರಗಳನ್ನು ಇಲ್ಲಿ ಕೆರಳಿಸುವುದು, ಫ್ಯಾರಡೆಯು 1831ರಲ್ಲಿ ಕಂಡ ನಿಯಮದಂತೆ, ಕಾಂತಕ್ಷೇತ್ರವು ಏರಿಳಿಯುವಾಗ ಮಿದುಳಿನಲ್ಲಿ ಹುಟ್ಟುವ ವಿದ್ಯುತ್ಕ್ಷೇತ್ರ. ಕಾಂತಕ್ಷೇತ್ರವು ಬರಿಯ ವಾಹನ. ಹೆಸರಿನಲ್ಲಿರುವ ಮೊದಲ ದೋಷವಿದು. ರೂಢಿಗೆ ಬಂದುದನ್ನು ಈಗ ತಿದ್ದಹೊರಡುವುದು ವ್ಯರ್ಥ.

ಎರಡನೆಯ ದೋಷವು ಅಷ್ಟು ಕ್ಷಮಾರ್ಹವಲ್ಲ. ಮನುಷ್ಯರಿಗೆಂದು ಮಾಡಿದ ಎಂಟರ ಆಕಾರದ ಸುರುಳಿಯಲ್ಲಿ ಒಂದೊಂದು ಬಳೆಯ ಅಗಲವೂ ಸುಮಾರು 70 ಮಿಲಿಮೀಟರ್. ಪ್ರಯೋಗಶಾಲೆಯ ದೊಡ್ಡ ಇಲಿಯ ಮಿದುಳಾದರೋ ಸುಮಾರು 2 ಗ್ರಾಂ ತೂಕದ್ದು. ಅಂತಹ ಸುರುಳಿಯನ್ನು ಇದರ ಮೇಲಿಟ್ಟು ತೊಗಟೆಯ ಒಂದು ಭಾಗವನ್ನು ಮಾತ್ರ ಪ್ರಚೋದಿಸಿದೆವೆಂದು ಬರೆದರೆ ಒಪ್ಪಲಾಗದು. ಸೋಜಿಗವೆಂದರೆ, ಸುರುಳಿ ದೊಡ್ಡದಾದ ಮಾತ್ರಕ್ಕೆ ಪ್ರಭಾವ ಹೆಚ್ಚುವುದೂ ಇಲ್ಲ. ಪ್ರೇರಿತ ವಿದ್ಯುತ್ತು ಸುತ್ತಿಬರುವುದಕ್ಕೆ ಎಡೆ ಬೇಕು. ತಲೆ ಕಿರಿದಾದಷ್ಟೂ ಸುತ್ತು ಕಿರಿದಾಗಿ ಕ್ಷೇತ್ರವು ಕುಗ್ಗುತ್ತದೆ. ಮಿದುಳಿನ ಗಾತ್ರಕ್ಕೂ ಪ್ರಚೋದನೆಗೂ ಇರುವ ಈ ಸಂಬಂಧವನ್ನು ವೈಸ್‌ಮನ್, ಎಪ್‌ಸ್ಟೈನ್, ಡೇವಿ ಎಂಬವರು 1992ರಲ್ಲಿಯೇ ವಿವರಿಸಿದ್ದರು. ಆಮೇಲೆಯೂ, ಯಂತ್ರದ ಗರಿಷ್ಠ ಶಕ್ತಿಯಲ್ಲಿ ಶೇಕಡ ಇಷ್ಟು ಎಂದಷ್ಟೇ ಹೇಳಿ ಮುಗಿಸಿದ ಲೇಖನಗಳು ಬಂದಿವೆ. ಒಲೆಯ ಉರಿಯನ್ನು ಹೇಳಿ ಪಾತ್ರೆಯೊಳಗಣ ನೀರಿನ ಬಿಸಿಯನ್ನು ಹೇಳದೆ ಬಿಟ್ಟಂತಾಯಿತು.

ಸುರುಳಿಯನ್ನೇ ಚಿಕ್ಕದು ಮಾಡಬಾರದೆ? ಮಾಡಬಹುದು. ಆದರೆ ಸಾವಿರಾರು ಆಂಪೇರ್ ವಿದ್ಯುತ್ತು ಸಣ್ಣ ತಂತಿಯಲ್ಲಿ ಹರಿದರೆ ಅದು ಕಾಯುತ್ತದೆ. ಸುತ್ತುಗಳನ್ನು ಹೊರಕ್ಕೆ ತಳ್ಳುವ ಬಲವು ಸುರುಳಿಯನ್ನೇ ಸೀಳಬಲ್ಲುದು. ಆದುದರಿಂದ ನಿರ್ಮಾಪಕನು ಪ್ರಾಬಲ್ಯವನ್ನು ಬಹುಮಟ್ಟಿಗೆ ಬಿಟ್ಟುಕೊಡಬೇಕಾಗುವುದು. ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯದ ಜೆನಿಫರ್ ರಾಜರ್ ಅವರ ಬಳಗದವರು 2016ರಲ್ಲಿ ವರ್ಣಿಸಿದ, ಕಬ್ಬಿಣದ ತಿರುಳುಳ್ಳ 8 ಮಿಲಿಮೀಟರ್ ಸುರುಳಿಯ ಕ್ಷೇತ್ರವು ಸುಮಾರು 120 ಮಿಲಿಟೆಸ್ಲಾ. ಮನುಷ್ಯರ ಯಂತ್ರದ್ದು ಸಾಮಾನ್ಯವಾಗಿ 1.5ರಿಂದ 2 ಟೆಸ್ಲಾ. ಈ ಬಳಗದವರು ತಮ್ಮ ಇಂತಹ ಪ್ರಯೋಗಗಳನ್ನು ಮಂದಪ್ರಮಾಣದ ಪ್ರಚೋದನೆಯೆಂದೇ ಕರೆಯುವರು. ಆ ವಿಶೇಷಣವೊಂದರಿಂದಲೇ ಓದುಗನಿಗಾಗುವ ಉಪಕಾರ ದೊಡ್ಡದು.

ಇದು ಬರಿಯ ಪದವಿಚಾರವಲ್ಲ. ಅಮೆರಿಕದ ಔಷಧನಿಯಂತ್ರಣ ಇಲಾಖೆಯು 2008ರಲ್ಲಿ ಈ ವಿಧಾನವನ್ನು ಖಿನ್ನತೆಯ ಚಿಕಿತ್ಸೆಗೆ ಅನುಮತಿಸಿತು. ರೋಗಿಗೆ ಅದು ಹೇಗೆ ಫಲಿಸುವುದೆಂಬುದನ್ನು ಇಲಿಯಿಂದ ತಿಳಿಯಹೊರಟವರು, ಇಲಿಯ ಮಿದುಳಿನಲ್ಲಿ ಮೀಟರಿಗೆ ಎಷ್ಟು ವೋಲ್ಟಿನ ಕ್ಷೇತ್ರವುಂಟಾಯಿತು, ಅದು ಎಲ್ಲಿಯವರೆಗೆ ಹರಡಿತು ಎಂಬುದನ್ನು ಮೊದಲು ತಿಳಿಸಲಿ. ಫಲಿತಾಂಶಗಳ ಚರ್ಚೆಯನ್ನು ಆಮೇಲೆ ಮಾಡಬಹುದು.