ಪ್ರವಾಹವೂ ಪರದೇಶದ ಮೀನೂ: ಕಾರಣನಿರ್ಣಯದ ಒಂದು ವಿಮರ್ಶೆ

1341ರಲ್ಲಿ ಪೆರಿಯಾರ್ ನದಿಗೆ ಬಂದ ಪ್ರವಾಹವು ಮುಜಿರಿಸ್ ಪಟ್ಟಣವನ್ನು ಹೂಳಿನಿಂದ ಮುಚ್ಚಿ ಕೊಚ್ಚಿಯ ಬಂದರನ್ನು ತೆರೆಯಿತೆಂಬುದು ಕೇರಳದ ಚರಿತ್ರೆಯಲ್ಲಿ ಬಹುಕಾಲದಿಂದ ನಡೆದುಬಂದಿರುವ ಮಾತು. ವಣಿಕರ ಲಾಭನಷ್ಟ, ಅರಸರ ವೈಷಮ್ಯ ಮೊದಲಾದುವನ್ನು ಶೋಧಿಸುವ ಶ್ರಮವನ್ನು ಇಂಥ ಒಂದು ವಾಕ್ಯ ಉಳಿಸಿಕೊಡುತ್ತದೆ. 2018ರ ಆಗಸ್ಟ್ ಪ್ರವಾಹದ ತರುವಾಯ ಅದೇ ನಾಡಿನ ಹೊಳೆಗಳಲ್ಲಿ ಕಾಣಿಸಿಕೊಂಡ ಪರದೇಶದ ಮೀನುಗಳ ವಿಷಯದಲ್ಲಿಯೂ ಇದೇ ಬಗೆಯ ವಾಕ್ಯವೊಂದು ರೂಢಿಗೆ ಬಂದಿದೆ: ನೆರೆ ಬಂದಿತು, ಮೀನನ್ನು ತಂದಿತು. ಅದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಸಂಗತಿಗಳಲ್ಲಿ ವಿವಾದವಿಲ್ಲ. ಆ ವರ್ಷ ಜೂನ್ 1ರಿಂದ ಆಗಸ್ಟ್ 19ರವರೆಗೆ ಕೇರಳದಲ್ಲಿ ವಾಡಿಕೆಗಿಂತ ಶೇಕಡ 42ರಷ್ಟು ಹೆಚ್ಚು ಮಳೆ ಸುರಿಯಿತು. ಮೀನುಸಾಕಣೆಯ ಕೊಳಗಳು ಕಟ್ಟೆ ಮೀರಿ ಹೊಳೆಯೊಡನೆ ಒಂದಾದುವು. ಬಳಿಕ ಚಾಲಕ್ಕುಡಿ ಹೊಳೆಯ ಬಲೆಗಳಲ್ಲಿ ಅರಪೈಮ ಸಿಕ್ಕಿತು. ಆಳೆತ್ತರವನ್ನು ಮೀರಿ ಬೆಳೆಯುವ, ನೀರಿನ ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಉಸಿರಾಡುವ ಈ ಮೀನಿನ ತವರು ಅಮೆಜಾನ್ ನದಿ. ಅಮೆಜಾನಿನಿಂದ ಚಾಲಕ್ಕುಡಿಗೆ ಯಾವ ಪ್ರವಾಹವೂ ಹರಿಯುವುದಿಲ್ಲ. ಪ್ರವಾಹವು ದಾಟಿಸಿದುದು ಕೊಳದ ಕಟ್ಟೆಯನ್ನು ಮಾತ್ರ. ಸಮುದ್ರಗಳನ್ನು ದಾಟಿಸಿದವರು ಮನುಷ್ಯರು. ಅದು ನಿಮಿತ್ತಮಾತ್ರವಾಗಿರಲು ಅದನ್ನೇ ಕಾರಣವೆಂದು ಎಣಿಸುವುದು ತರ್ಕದೋಷ.

ಈ ವಿಷಯವನ್ನು ಕುರಿತು ಸ್ಮೃತಿ ರಾಜ್ ಮೊದಲಾದ ವಿದ್ವಾಂಸರು 'ಬಯಾಲಜಿಕಲ್ ಇನ್ವೇಷನ್ಸ್' ಪತ್ರಿಕೆಯಲ್ಲಿ 2021ರಲ್ಲಿ ಪ್ರಕಟಿಸಿದ ಲೇಖನವು ಕಾನೂನುಬಾಹಿರವೂ ನಿರ್ವಹಣೆಯಿಲ್ಲದುದೂ ಆದ ಮೀನುಸಾಕಣೆಯನ್ನು ಶೀರ್ಷಿಕೆಯಲ್ಲಿಯೇ ಮೊದಲು ಹೆಸರಿಸಿರುವುದು ಸ್ತುತ್ಯ. ಆದರೆ ಅಂಕೆಯಿಲ್ಲದ ಮೀನುಗಾರಿಕೆಯನ್ನೂ ಹವಾಮಾನದ ವೈಪರೀತ್ಯವನ್ನೂ ಅದರೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಿರುವುದನ್ನು ಚರಿತ್ರೆಯ ವಿದ್ಯಾರ್ಥಿ ಒಪ್ಪುವುದು ಕಷ್ಟ. ಮಳೆಯನ್ನು ವಿಚಾರಣೆಗೆ ಕರೆಯಲಾಗುವುದಿಲ್ಲ. ಮರಿಗಳನ್ನು ತರಿಸಿದವರನ್ನು ಕರೆಯಬಹುದು. ಬಲೆಗೆ ಬಿದ್ದ ಪರಕೀಯ ಮೀನಿನಿಂದ ನಷ್ಟಪಡುವ ಒಳನಾಡಿನ ಬೆಸ್ತರಿಗೆ ಈ ಭೇದವು ಕೇವಲ ಪಾಂಡಿತ್ಯದ ಮಾತಲ್ಲ.

'ಆಕ್ರಮಣ' ಎಂಬ ಪದವೂ ಪರೀಕ್ಷೆಗೆ ಅರ್ಹವಾದುದು. 1958ರಲ್ಲಿ ಚಾರ್ಲ್ಸ್ ಎಲ್ಟನ್ ಬರೆದ ಗ್ರಂಥದಿಂದ ಈ ಯುದ್ಧದ ಪರಿಭಾಷೆ ಜೀವಶಾಸ್ತ್ರದಲ್ಲಿ ಬೇರೂರಿತು. ದಂಡೆತ್ತಿ ಬಂದವನಿಗೆ ಸಂಕಲ್ಪವಿರುತ್ತದೆ. ಚೀಲದಲ್ಲಿ ತುಂಬಿ ತಂದ ಮೀನಿನ ಮರಿಗೆ ಯಾವ ಸಂಕಲ್ಪ? ಮೀನನ್ನು ದಾಳಿಕಾರನೆಂದು ಕರೆದ ಕ್ಷಣವೇ ತಂದವನು ಕಥೆಯಿಂದ ಜಾರಿಕೊಳ್ಳುತ್ತಾನೆ.

ಪ್ರವಾಹದ ನೆರವಿಲ್ಲದೆಯೂ ಇಂಥ ಪ್ರಸರಣ ನಡೆದುದಕ್ಕೆ ಉದಾಹರಣೆ ನಮ್ಮಲ್ಲಿಯೇ ಇದೆ. ಮೊಜಾಂಬಿಕದ ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂದುದು ಸರ್ಕಾರದ ಅನುಮತಿಯಿಂದ, ಜನರ ಆಹಾರಕ್ಕಾಗಿ. ತಾಯಿ ಬಾಯಲ್ಲೇ ಮೊಟ್ಟೆ ಕಾಯುವ, ಸಿಹಿನೀರಿನಂತೆ ಉಪ್ಪುನೀರಿನಲ್ಲಿಯೂ ಸಂತತಿ ಬೆಳೆಸುವ ಆ ಮೀನು ಕನ್ನಡನಾಡಿನ ಕೆರೆಗಳಲ್ಲಿ ಎಷ್ಟು ನೆಲೆಯೂರಿತೆಂದರೆ 'ಜಿಲೇಬಿ' ಎಂಬ ಹೆಸರನ್ನೇ ಪಡೆಯಿತು! ಅದರ ಆಗಮನದ ವರ್ಷ ನಮಗೆ ತಿಳಿದಿರುವುದು ಅದು ಬಹಿರಂಗವಾಗಿ ಬಂದುದರಿಂದ. ಗುಟ್ಟಾಗಿ ಬಂದ ಅರಪೈಮಕ್ಕೆ ಅಂಥ ದಫ್ತರವಿಲ್ಲ. ದಾಖಲೆಯಿಲ್ಲದ ಎಡೆಯನ್ನು ಪ್ರವಾಹದ ಕಥೆ ತುಂಬುತ್ತಿದೆ.

ಇನ್ನು ಕಡಲಂಚಿನ ನೀರಿನ ಪ್ರಶ್ನೆ. ಚಾಲಕ್ಕುಡಿ ಹೊಳೆಯು ಪೆರಿಯಾರನ್ನು ಕೂಡಿ ಹಿನ್ನೀರನ್ನು ಸೇರುತ್ತದೆ. ಅರಪೈಮ ಸಿಹಿನೀರಿನ ಮೀನಾದುದರಿಂದ ಉಪ್ಪು ಅದಕ್ಕೆ ಒಂದು ತಡೆ. ಆದರೆ ಕೇರಳದಲ್ಲಿಯೇ ಸಿಕ್ಕಿದ ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಉಪ್ಪುನೀರನ್ನೂ ತಾಳಬಲ್ಲುದು. ದಕ್ಷಿಣಕ್ಕೆ ವೆಂಬನಾಡು ಸರೋವರದಲ್ಲಂತೂ ಕುಟ್ಟನಾಡಿನ ಬತ್ತದ ಪೈರಿಗೆ ಕಡಲ ನೀರು ತಗಲದಿರಲೆಂದು 1970ರ ದಶಕದಲ್ಲಿ ತಣ್ಣೀರ್ಮುಕ್ಕಂ ಅಡ್ಡಗಟ್ಟೆಯಾಯಿತು. ಅದರ ಬಾಗಿಲುಗಳನ್ನು ಮುಚ್ಚಿದ ತಿಂಗಳುಗಳಲ್ಲಿ ಕಟ್ಟೆಯ ತೆಂಕಣ ಭಾಗಕ್ಕೆ ಉಪ್ಪು ಏರುವುದಿಲ್ಲ. ಸಿಹಿನೀರಿನ ಪರಕೀಯ ಮೀನಿಗೆ ಇದ್ದ ಸಹಜವಾದ ತಡೆಯೂ ಅಲ್ಲಿ ಸಡಿಲುತ್ತದೆ. ಆ ಬಾಗಿಲುಗಳು ಯಾವ ವರ್ಷ ಯಾವ ದಿನ ಮುಚ್ಚಿದುವು, ತೆರೆದುವು ಎಂಬ ಲೆಕ್ಕವನ್ನು ಮೀನು ಸಿಕ್ಕಿದ ದಿನಗಳೊಡನೆ ಹೋಲಿಸಿ ನೋಡುವ ಕೆಲಸ ಮಳೆಯ ಅಂಕಿಗಳನ್ನು ಎಣಿಸುವುದಕ್ಕಿಂತ ಮೊದಲು ಆಗತಕ್ಕದ್ದು.