ನಂಜುಂಡಪ್ಪ ವರದಿಯ ಲೆಕ್ಕ, ಅನುದಾನದ ಲೆಕ್ಕ

ಹಿಂದುಳಿದ ತಾಲ್ಲೂಕುಗಳ ಮಾತು ಬಂದಾಗಲೆಲ್ಲ ವಿಧಾನಸಭೆಯಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ಹೆಸರು ಕೇಳುತ್ತದೆ. ವರದಿಯನ್ನು ಓದಿದವರು ಎಷ್ಟು ಮಂದಿಯೋ! 2002ರ ಆ ವರದಿ ಹಿಂದುಳಿದಿರುವಿಕೆಯನ್ನು ಭಾಷಣದಿಂದ ಬಿಡಿಸಿ ಲೆಕ್ಕಕ್ಕೆ ತಂದಿತು. 35 ಸೂಚಕಗಳನ್ನು ಹಿಡಿದು ಅಂದಿನ 175 ತಾಲ್ಲೂಕುಗಳನ್ನು ತೂಗಿತು; 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿಗಳೂ ಪಟ್ಟಿಯಲ್ಲಿದ್ದವು. ಉತ್ತರ–ದಕ್ಷಿಣದ ಜಗಳಕ್ಕೆ ಇಷ್ಟು ಸಮಚಿತ್ತದ ಉತ್ತರವನ್ನು ನಾನು ಬೇರೆಡೆ ಕಂಡಿಲ್ಲ.

ಸಮಿತಿ ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಸೂಚಿಸಿತು. ಅದು ಶುರುವಾಗಲು 2007–08ರವರೆಗೆ ಕಾಯಬೇಕಾಯಿತು. ಆಮೇಲೆ ಕಲಬುರಗಿ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅದರಡಿ ಪ್ರದೇಶಾಭಿವೃದ್ಧಿ ಮಂಡಳಿಯೂ ಬಂತು. ಈಗ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತದೆ. ದುಡ್ಡಿಲ್ಲ ಎಂಬ ಹಳೆಯ ದೂರು ಇನ್ನು ಪೂರ್ತಿ ನಡೆಯದು.

ನನ್ನ ತಕರಾರು ಖರ್ಚಿನ ರೀತಿಯ ಬಗ್ಗೆ. ವರದಿ ಅಳೆದದ್ದು ಜನರ ಬದುಕನ್ನು. ಕ್ರಿಯಾಯೋಜನೆ ಅಳೆಯುವುದು ಕಾಮಗಾರಿಯನ್ನು. ಸಿಸಿ ರಸ್ತೆ, ಸಮುದಾಯ ಭವನ, ಶಾಲಾ ಕೊಠಡಿ: ಇವುಗಳಿಗೆ ಟೆಂಡರ್ ಕರೆಯಬಹುದು, ಮಾರ್ಚ್ ಒಳಗೆ ಬಿಲ್ ಮಾಡಬಹುದು, ಶಾಸಕರ ಹೆಸರಿನ ಕಲ್ಲು ನೆಡಬಹುದು. ಗಣಿತದ ಮೇಷ್ಟ್ರಿಗೆ ಕಲ್ಲು ನೆಡಲಾಗದು. ಮಂಡಳಿ ಇತ್ತೀಚೆಗೆ 'ಅಕ್ಷರ ಆವಿಷ್ಕಾರ'ದ ಹೆಸರಿನಲ್ಲಿ ಶಿಕ್ಷಣದತ್ತ ತಿರುಗಿದ್ದು ಮೆಚ್ಚತಕ್ಕದ್ದೇ. ಆದರೂ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ.

ಇನ್ನೊಂದು ಕೊರತೆ ವರದಿಯದ್ದೇ. ತಾಲ್ಲೂಕು ಅದರ ಅಳತೆಗೋಲು. ತಾಲ್ಲೂಕು ಬಿಟ್ಟು ಹೋದವರು ಆ ಕೋಲಿಗೆ ಸಿಗುವುದಿಲ್ಲ. ರಾಯಚೂರು, ಯಾದಗಿರಿಯ ತಾಂಡಾಗಳಿಂದ ಗುಳೆ ಬಂದ ಕುಟುಂಬ ಬೆಂಗಳೂರಿನ ಕಟ್ಟಡಗಳ ಪಕ್ಕ ತಗಡಿನ ಶೆಡ್ಡಿನಲ್ಲಿರುತ್ತದೆ. ಊರಿನ ಅನುದಾನ ಊರಿನಲ್ಲಿ ಕಾಂಕ್ರೀಟಾಗುತ್ತದೆ. ನಗರದಲ್ಲಿ ಕೊಳೆಗೇರಿ ಮಂಡಳಿಯ ಸೌಕರ್ಯ ಮುಖ್ಯವಾಗಿ ಘೋಷಿತ ಕೊಳೆಗೇರಿಗಳಿಗೆ. ಶೆಡ್ಡು ಯಾವ ಪಟ್ಟಿಯಲ್ಲೂ ಇಲ್ಲ. ಹಿಂದುಳಿದ ಹಳ್ಳಿಯವರೂ ಬಡ ನಗರವಾಸಿಗಳೂ ಎಷ್ಟೋ ಸಲ ಒಂದೇ ಮನೆಯವರು ಎಂಬುದನ್ನು ನಮ್ಮ ಯೋಜನೆಗಳು ಇನ್ನೂ ಒಪ್ಪಿಕೊಂಡಿಲ್ಲ.

ತಾಲ್ಲೂಕುಗಳ ಸಂಖ್ಯೆ 230 ದಾಟಿದ ಮೇಲೂ ಹಳೆಯ 175ರ ಪಟ್ಟಿಯನ್ನೇ ಹಿಡಿದು ಹಣ ಹಂಚಿದ್ದು ಸೋಮಾರಿತನವೇ ಸರಿ. 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ರಚಿಸುವುದಕ್ಕೆ ಸರ್ಕಾರ ಎರಡು ದಶಕಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು. ಹೊಸ ಪಟ್ಟಿ ಯಾವುದೇ ಬರಲಿ, ಪ್ರತಿ ತಾಲ್ಲೂಕಿನ ಅಂಕವನ್ನು ವರ್ಷವರ್ಷವೂ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು, ಕೊಟ್ಟ ಅನುದಾನದ ಮೊತ್ತವನ್ನು ಅದರ ಪಕ್ಕದಲ್ಲೇ ಬರೆಸಬೇಕು. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಒಂದು ಸುತ್ತೋಲೆ ಸಾಕು.