ನೇರಳೆ ದೀಪದ ಹುಸಿ ಹಿರಿಮೆ

ಮನೆಯೊಳಗಿನ ಗಿಡಗಳಿಗೆಂದು ಮಾರುವ ಗ್ರೋ ಲೈಟ್‌ಗಳಲ್ಲಿ ಕೆಂಪು, ನೀಲಿ ಎಲ್‌ಇಡಿಗಳನ್ನು ಬೆರೆಸಿದ ನೇರಳೆ ದೀಪಕ್ಕೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. ಗಿಡಕ್ಕೆ ಬೇಕಾದವು ಈ ಎರಡೇ ಬಣ್ಣ, ಹಸಿರು ಬೆಳಕು ದಂಡ ಎಂಬುದು ಅದರ ಹಿಂದಿನ ವಾದ. ವಾದಕ್ಕೆ ಸಾಕ್ಷಿಯಾಗಿ ತೋರಿಸುವುದು ಒಂದು ರೇಖಾಚಿತ್ರ: ನೀಲಿಯಲ್ಲಿ ಒಂದು ಶಿಖರ, ಕೆಂಪಿನಲ್ಲಿ ಇನ್ನೊಂದು, ನಡುವೆ ಹಸಿರಿನ ಜಾಗದಲ್ಲಿ ಹೆಚ್ಚುಕಡಿಮೆ ಸೊನ್ನೆ.

ಚಿತ್ರ ಸುಳ್ಳಲ್ಲ, ಆದರೆ ಅದನ್ನು ಓದುವ ರೀತಿ ತಪ್ಪು. ಎಲೆಯಿಂದ ಪತ್ರಹರಿತ್ತನ್ನು ತೆಗೆದು, ಅಸಿಟೋನ್ ಅಥವಾ ಈಥರ್‌ನಲ್ಲಿ ಕರಗಿಸಿ ಅಳೆದಾಗ ಸಿಗುವ ಗೆರೆ ಅದು. ದ್ರಾವಣದಲ್ಲಿ ಬೆಳಕು ಒಂದೇ ಸಲ ನೆಟ್ಟಗೆ ಹಾದುಹೋಗುತ್ತದೆ. ಎಲೆಯೊಳಗಾದರೋ ಜೀವಕೋಶಗಳ ನಡುವಿನ ಗಾಳಿಯ ಸಂದುಗಳಲ್ಲಿ ಚದುರಿ, ತಿರುಗಿ, ಮತ್ತೆ ಮತ್ತೆ ಪತ್ರಹರಿತ್ತಿಗೆ ಎದುರಾಗುತ್ತದೆ. ಮೊದಲ ಸಲ ತಪ್ಪಿಸಿಕೊಂಡ ಹಸಿರು ಬೆಳಕು ಆಮೇಲೆ ಸಿಕ್ಕಿಬೀಳುತ್ತದೆ. ದಟ್ಟ ಬಣ್ಣದ ಎಲೆ ತನ್ನ ಮೇಲೆ ಬಿದ್ದ ಹಸಿರಿನ ಬಹುಪಾಲನ್ನು ಹೀಗೆ ಹೀರಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದು ಉಳಿದ ಚಿಕ್ಕ ಪಾಲು ಮಾತ್ರ. ವಿಜ್ಞಾನಿ ಕೀತ್ ಮೆಕ್ರೀ 22 ಬಗೆಯ ಬೆಳೆಗಿಡಗಳ ಜೀವಂತ ಎಲೆಗಳ ಮೇಲೆ ಒಂದೊಂದೇ ಬಣ್ಣ ಹಾಯಿಸಿ ದ್ಯುತಿಸಂಶ್ಲೇಷಣೆಯನ್ನು ಅಳೆದು, 1972ರಲ್ಲಿ ಪ್ರಕಟಿಸಿದರು. ಅವರ ಗೆರೆ ಹಸಿರಿನಲ್ಲಿ ತುಸು ತಗ್ಗುತ್ತದೆ, ಸೊನ್ನೆಗಿಳಿಯುವುದಿಲ್ಲ. ಇಷ್ಟು ಹಳೆಯ ಅಳತೆ ಕೈಯಲ್ಲಿದ್ದೂ ದ್ರಾವಣದ ಚಿತ್ರವೇ ಇಂದಿಗೂ ಓಡಾಡುತ್ತಿರುವುದು ಬೇಸರದ ಸಂಗತಿ.

ನೇರಳೆಯನ್ನು ಟೀಕಿಸುವವರೂ ಕೆಲವೊಮ್ಮೆ ಹದ ತಪ್ಪುತ್ತಾರೆ. ಹಸಿರೇ ಕೆಂಪಿಗಿಂತ ಮೇಲು ಎಂದು ಸಾರಲು ವಿಜ್ಞಾನಿ ಟೆರಾಷಿಮಾ ಮತ್ತು ಸಂಗಡಿಗರ 2009ರ ಪ್ರಬಂಧವನ್ನು ಮುಂದಿಡುತ್ತಾರೆ. ಅಲ್ಲಿ ಹಸಿರು ಗೆದ್ದದ್ದು ಪ್ರಖರವಾದ ಬಿಳಿ ಬೆಳಕಿನ ಜೊತೆಗೆ ಸೇರಿಸಿದಾಗ. ಮೇಲಿನ ಪದರಕ್ಕೆ ಬೆಳಕು ಸಾಕಾದ ಮೇಲೆ ಹಸಿರು ಒಳಗಿನ ಪದರಗಳನ್ನು ಮುಟ್ಟುತ್ತದೆ. ಕೋಣೆಯ ಮೂಲೆಯಲ್ಲಿ ಅಂಥ ಪ್ರಖರತೆ ಎಲ್ಲಿದೆ? ಎಲೆಗೆ 6500 ಕೆಲ್ವಿನ್, ಹೂವಿಗೆ 2700 ಕೆಲ್ವಿನ್ ಎಂದು ಪಟ್ಟಿ ಕೊಡುವವರದು ಇನ್ನೊಂದು ತಪ್ಪು. ಕೆಲ್ವಿನ್ ಹೇಳುವುದು ಬೆಳಕಿನ ಛಾಯೆಯನ್ನು, ಪ್ರಮಾಣವನ್ನಲ್ಲ. ಸೇವಂತಿಗೆಯಂಥ ಗಿಡ ಹೂ ಬಿಡುವುದು ರಾತ್ರಿಯ ಉದ್ದ ನೋಡಿ. ಹೂವನ್ನು ಮುಂದೂಡಲೆಂದೇ ಚಿಕ್ಕಬಳ್ಳಾಪುರದ ಕಡೆಯ ರೈತರು ಸೇವಂತಿಗೆ ಹೊಲದಲ್ಲಿ ರಾತ್ರಿ ಬಲ್ಬು ಉರಿಸುತ್ತಾರೆ.

ನೇರಳೆ ದೀಪಕ್ಕೂ ತನ್ನದೊಂದು ಜಾಗವಿದೆ. ಕೆಂಪು ಫೋಟಾನ್‌ಗೆ ಶಕ್ತಿ ಕಡಿಮೆ ಸಾಕು; ಅದೇ ವಿದ್ಯುತ್ತಿನಲ್ಲಿ ಹೆಚ್ಚು ಫೋಟಾನ್ ಸಿಗುತ್ತವೆ. ಮುಚ್ಚಿದ ಕಟ್ಟಡದಲ್ಲಿ ಸೊಪ್ಪು ಬೆಳೆಯುವವರಿಗೆ ಈ ಲೆಕ್ಕ ಒಪ್ಪುತ್ತದೆ. ಆದರೆ ಮನೆಯಲ್ಲಿ ಜನ ಬದುಕುತ್ತಾರೆ. ಆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುವುದರಿಂದ ಕಬ್ಬಿಣದ ಕೊರತೆಯ ಹಳದಿಯೂ ಕಂದು ಚುಕ್ಕೆಯೂ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಆಯ್ಕೆಯಲ್ಲಿ ನೋಡಬೇಕಾದದ್ದು ಎಲೆಯ ಮೇಲೆ ಬೀಳುವ ಫೋಟಾನ್‌ಗಳ ಪ್ರಮಾಣ. ಅದರ ಅಳತೆ ಚದರ ಮೀಟರಿಗೆ ಸೆಕೆಂಡಿಗೆ ಇಷ್ಟು ಮೈಕ್ರೊಮೋಲ್. ಬಿಳಿ ಎಲ್‌ಇಡಿಯ ಲಕ್ಸ್ ಅಂಕಿಯನ್ನು, ಅಂದರೆ ಚದರ ಮೀಟರಿಗೆ ಬೀಳುವ ಲ್ಯೂಮೆನ್ ಲೆಕ್ಕವನ್ನು, ಸುಮಾರು 70ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ನಾಲ್ಕು ಅಡಿಯ 20 ವಾಟಿನ ಸಾಮಾನ್ಯ ಟ್ಯೂಬ್ 2,000 ಲ್ಯೂಮೆನ್ ಕೊಡುತ್ತದೆ ಎಂದುಕೊಳ್ಳೋಣ. ಅರ್ಧ ಚದರ ಮೀಟರಿನಷ್ಟು ಜಾಗಕ್ಕೆ ಒಂದಡಿ ಮೇಲಿಂದ ಹಾಯಿಸಿದರೆ, ಆಚೀಚೆ ಸೋರಿದ್ದನ್ನು ಕಳೆದು 40 ಮೈಕ್ರೊಮೋಲ್ ಆಸುಪಾಸು ಬೀಳುತ್ತದೆ. ಹನ್ನೆರಡು ಗಂಟೆ ಉರಿಸಿದರೆ ದಿನಕ್ಕೆ 1.7 ಮೋಲ್, ಖರ್ಚು ತಿಂಗಳಿಗೆ ಏಳು ಯೂನಿಟ್ಟು ಚಿಲ್ಲರೆ. ಮನಿ ಪ್ಲಾಂಟಿಗೆ ಇಷ್ಟು ಸಾಕು. ಬಿಸಿಲು ಬಯಸುವ ತುಳಸಿಗೆ 10 ಮೋಲ್‌ಗೂ ಹೆಚ್ಚು ಬೇಕು. ಅದಕ್ಕೆ ಇಂಥ ಒಂದು ಟ್ಯೂಬೂ ಸಾಲದು, ನೇರಳೆಯ ಪುಟ್ಟ ಬಲ್ಬಂತೂ ಸಾಲುವುದೇ ಇಲ್ಲ.